ಒಂದು ಕಾಲೋ, ಎರಡೋ

ಲೆಸ್ಟರ್ ವನೆಕ್‌ನದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳ ಪ್ರವಚನ ಅರ್ಧಕ್ಕೆ ಬರುವಷ್ಟರಲ್ಲಿ ಅವನ ಮೊಣಕಾಲು ಕುಣಿಯತೊಡಗುತ್ತಿತ್ತು, ಜೊತೆಗೆ ಇಡೀ ಬೆಂಚು ನಡುಗುತ್ತಿತ್ತು. ಅದೇ ಬೆಂಚಿನ ಇನ್ನೊಂದು ತುದಿಯ ಮುದುಕಿಯರು ಈ ನಡುಕಕ್ಕೆ ಎಂದೋ ಒಗ್ಗಿಹೋಗಿದ್ದರು. ಚೀಸ್ ಕಾರ್ಖಾನೆಯಲ್ಲಿ ತೊಟ್ಟಿಯ ಹಾಲು ಒಡೆದು ಗಟ್ಟಿಯಾಗುವ ತನಕ ಸುಮ್ಮನೆ ಕಾಯಬೇಕು. ಅವನು ಅಲ್ಲೂ ಕಲಕುವ ಕೋಲನ್ನು ಬ್ಯಾಟಿನಂತೆ ಬೀಸುತ್ತ ನಿಂತಿರುತ್ತಿದ್ದ. ಇಂಥವನಿಗೆ ದೇವರು ಆಟದಲ್ಲಿ ಕೊಟ್ಟ ಕೆಲಸ ಯಾವುದು ಅಂತೀರಿ? ಬೆಂಚಿನ ಮೇಲೆ ಕೂರುವುದು.

ವಯಸ್ಸಿನಲ್ಲಿ ಅವನು ನಮ್ಮ ಆಲ್ಡರ್ ಬ್ರಿಜ್ ಊರಿನ ಬೇಸ್‌ಬಾಲ್ ತಂಡದಲ್ಲಿ ಬ್ಯಾಟಿಗನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದ. ಒಂದು ಚಳಿಗಾಲ ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಜಾರಿದ, ಕೈಯಲ್ಲಿದ್ದ ತುಂಬಿದ ಹಾಲಿನ ಕ್ಯಾನು ಬಲಭುಜದ ಮೇಲೇ ಬಿತ್ತು. ಮೂಳೆಯೇನೋ ಕೂಡಿಕೊಂಡಿತು. ಆದರೆ ಅಂದಿನಿಂದ ಅಡುಗೆಮನೆಯ ಈ ಕಡೆಯಿಂದ ಆ ಕಡೆಗೆ ಒಂದು ಬನ್ನು ಎಸೆಯುವುದೂ ಅವನಿಂದ ಆಗುತ್ತಿರಲಿಲ್ಲ. ವಿಚಿತ್ರವೆಂದರೆ ಬ್ಯಾಟು ಬೀಸುವುದಕ್ಕೆ ಆ ಭುಜ ತಕರಾರು ಮಾಡಲಿಲ್ಲ. ಹೊಡೆತ ಮೊದಲಿನಂತೆಯೇ ಇತ್ತು, ಎಸೆತ ಮಾತ್ರ ಸತ್ತುಹೋಗಿತ್ತು.

ಅವನನ್ನು ಉಳಿಸಿದ್ದು ಡಿ.ಎಚ್., ಅಂದರೆ ಡೆಸಿಗ್ನೇಟೆಡ್ ಹಿಟರ್ ನಿಯಮ. ಬಾಲು ಎಸೆಯುವ ಪಿಚರುಗಳಿಗೆ ಹುಟ್ಟಿದಾರಭ್ಯ ಎಸೆಯುವುದೇ ಧ್ಯಾನ. ಬ್ಯಾಟು ಕೊಟ್ಟರೆ ಸೊಳ್ಳೆ ಓಡಿಸುವವರ ಹಾಗೆ ಗಾಳಿಯಲ್ಲಿ ಆಡಿಸಿ ವಾಪಸು ಬರುತ್ತಾರೆ. ಅದಕ್ಕೇ ನಮ್ಮ ನದಿ ಲೀಗಿನವರು ಪಿಚರನ ಪಾಲಿನ ಬ್ಯಾಟಿಂಗನ್ನು ಮಾಡಿಕೊಡಲು ಬೇರೊಬ್ಬನನ್ನು ನೇಮಿಸಬಹುದು ಎಂದು ಒಪ್ಪಿಕೊಂಡರು. ಅವನು ಬ್ಯಾಟು ಹಿಡಿದರೆ ಸಾಕು, ಮೈದಾನದಲ್ಲಿ ನಿಲ್ಲಬೇಕಿಲ್ಲ, ಏನನ್ನೂ ಎಸೆಯಬೇಕಿಲ್ಲ. ಲೆಸ್ಟರ್‌ಗೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು ಆ ನಿಯಮ. ಹೊಡೆಯುವ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಅವನು ಬೆಂಚಿನ ಹಿಂದೆ ಶತಪಥ ಹಾಕುತ್ತಿದ್ದ. ಅಲ್ಲಿ ಹುಲ್ಲು ಸವೆದು ಒಂದು ಕಾಲುದಾರಿಯೇ ಆಗಿಬಿಟ್ಟಿತ್ತು.

ಆಚೆ ಗುಡ್ಡದ ಲೀಗಿನವರಿಗೆ ಮಾತ್ರ ಡಿ.ಎಚ್. ಎಂದರೆ ಮೈಯೆಲ್ಲ ಉರಿ. ಎಸೆದವನೇ ಹೊಡೆಯಬೇಕು, ಹೊಡೆದವನು ಬಿಸಿಲಲ್ಲೂ ನಿಲ್ಲಬೇಕು, ಅರ್ಧ ಆಟ ಆಡುವವನು ಗಂಡಸೇ ಅಲ್ಲ ಎನ್ನುವುದು ಅವರ ವಾದ. ವರ್ಷದ ಕೊನೆಗೆ ಎರಡು ಲೀಗುಗಳ ಗೆದ್ದ ತಂಡಗಳು ಚಾಂಪಿಯನ್‌ಪಟ್ಟಕ್ಕೆ ಎದುರಾದಾಗ ಯಾರ ನಿಯಮ ನಡೆಯಬೇಕು? ಇದಕ್ಕಾಗಿ ಹೆಂಡದಂಗಡಿಯಲ್ಲಿ ಕೈಕೈ ಮಿಲಾಯಿಸಿದ್ದೂ ಉಂಟು. ಕಡೆಗೊಂದು ರಾಜಿ ಆಯಿತು: ಸಮಸಂಖ್ಯೆಯ ವರ್ಷ ಡಿ.ಎಚ್. ಇರುತ್ತದೆ, ಬೆಸಸಂಖ್ಯೆಯ ವರ್ಷ ಇರುವುದಿಲ್ಲ. ಆಗ ದೊಡ್ಡ ದೊಡ್ಡ ಲೀಗುಗಳಲ್ಲೂ ಹೀಗೆಯೇ ನಡೆಯುತ್ತಿದ್ದುದರಿಂದ ನಮ್ಮನ್ನು ನೋಡಿ ನಗುವವರು ಯಾರೂ ಇರಲಿಲ್ಲ.

ಲೆಸ್ಟರನ ಗ್ರಹಚಾರವೋ ಏನೋ, ಆಲ್ಡರ್ ಬ್ರಿಜ್ ಲೀಗು ಗೆದ್ದದ್ದೆಲ್ಲ ಬೆಸ ವರ್ಷಗಳಲ್ಲೇ. ಎಪ್ಪತ್ತೇಳು, ಎಪ್ಪತ್ತೊಂಬತ್ತು, ಎಂಬತ್ತೊಂದು. ನಡುವಿನ ಸಮ ವರ್ಷಗಳಲ್ಲಿ ಒಮ್ಮೆ ಮಳೆ, ಒಮ್ಮೆ ಯಾರದೋ ಮುರಿದ ಕಾಲು, ಏನಾದರೊಂದು ಅಡ್ಡ ಬರುತ್ತಿತ್ತು. ಬೇಸಿಗೆಯೆಲ್ಲ ಹೊಡೆದು ಹೊಡೆದು ತಂಡವನ್ನು ಫೈನಲಿಗೆ ತಂದು ನಿಲ್ಲಿಸುತ್ತಿದ್ದವನು ಅವನು. ಫೈನಲಿನ ದಿನ ಒಂದು ಬಾಲೂ ಆಡದೆ ಬೆಂಚಿನಲ್ಲಿರುತ್ತಿದ್ದವನೂ ಅವನೇ. ಅಡುಗೆ ಮಾಡಿದವನನ್ನೇ ಪಂಕ್ತಿಯಿಂದ ಎಬ್ಬಿಸಿದ ಹಾಗೆ. ನನ್ನನ್ನು ಕೇಳಿದರೆ ಇದಕ್ಕಿಂತ ಕ್ರೂರವಾದ ರಾಜಿಯನ್ನು ಯಾರೂ ಮಾಡಿರಲಾರರು.

ಈಗ ಎಂಬತ್ಮೂರು. ಮತ್ತೆ ಬೆಸ. ಅದೇ ಅವನ ಕೊನೆಯ ಬೇಸಿಗೆಯೂ ಹೌದು. ಸೆಪ್ಟೆಂಬರಿನ ಎರಡನೆಯ ವಾರದಿಂದ ಅವನನ್ನು ಎರಡನೆಯ ಪಾಳಿಯ ಮೇಸ್ತ್ರಿ ಮಾಡುವುದೆಂದು ಗೊತ್ತಾಗಿತ್ತು. ಭಾನುವಾರವೂ ಮಧ್ಯಾಹ್ನದಿಂದ ಕೆಲಸ, ಆಟಕ್ಕೆ ಬಿಡುವೆಲ್ಲಿ? ಚಾಂಪಿಯನ್‌ಪಟ್ಟದ ಆಟದಲ್ಲಿ ಒಂದೇ ಒಂದು ಸಲ ಬ್ಯಾಟು ಹಿಡಿದು ನಿಲ್ಲಬೇಕು ಎಂಬ ಆಸೆ ಅವನಿಗೆ ಗಂಟಲಿನಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ಲೀಗಿನ ಕೊನೆಯ ಆಟದಲ್ಲಿ ತಂಡ ಸೋಲುವ ಹಾಗಿದ್ದಾಗ ಅವನ ಸರದಿ ಬಂತು. ಬೇಕೆಂದೇ ಹೊಡೆಯದೆ ಬಿಟ್ಟರೆ ಫೈನಲಿನ ಬೆಂಚಾದರೂ ತಪ್ಪೀತು ಎಂಬ ಕೆಟ್ಟ ಯೋಚನೆಯೊಂದು ತಲೆಯಲ್ಲಿ ಸುಳಿಯಿತು. ಮಣಿಕಟ್ಟುಗಳು ಯೋಚನೆಗೆ ಕಾಯಲಿಲ್ಲ, ಚೆಂಡು ಬೇಲಿ ದಾಟಿ ಜೋಳದ ಹೊಲಕ್ಕೆ ಬಿತ್ತು. ಊರೆಲ್ಲ ಕುಣಿಯುತ್ತಿರಲು ಅವನು ರನ್ನಿಗಾಗಿ ಮುಟ್ಟಬೇಕಾದ ನಾಲ್ಕು ಮೂಲೆಯ ಬೇಸುಗಳನ್ನು ಸುತ್ತಿ ಬಂದದ್ದು ಹೆಣದ ಹಿಂದೆ ನಡೆಯುವವನ ಹಾಗೆ.

"ಗೆದ್ದೋನ ಮುಖಾನೇನೋ ಇದು?" ಎಂದು ಹೆಂಡತಿ ಆರ್ಲೀನ್ ನಕ್ಕಳು. "ಯಾರಾದ್ರೂ ನೋಡಿದ್ರೆ ನಿಂಗೆ ಮನೇಲಿ ಊಟ ಹಾಕಲ್ಲ ಅಂದ್ಕೋತಾರೆ."

"ಮತ್ತೆ ಬೆಂಚು ಕಣೇ," ಎಂದ ಲೆಸ್ಟರ್. ಅವಳ ನಗು ಅಲ್ಲಿಗೇ ನಿಂತಿತು.

ಮರುದಿನವೇ ಅವನು ಕ್ಲಾರೆನ್ಸ್‌ನ ಅಂಗಡಿಗೆ ಹೋದ. ಕ್ಲಾರೆನ್ಸ್ ಟೆಶ್ ಆರ್ಲೀನಳ ಅಣ್ಣ. ಮೊಳೆ, ಹಗ್ಗ, ಬಣ್ಣ ಮಾರುವ ಅಂಗಡಿ ಅವನದು, ತಂಡದ ಯಜಮಾನನೂ ಅವನೇ.

"ಭಾವ, ನನ್ನನ್ನ ಫಸ್ಟ್ ಬೇಸಲ್ಲಿ ನಿಲ್ಸು. ಅಲ್ಲಿ ಹಿಡಿಯೋದೇ ಜಾಸ್ತಿ, ಎಸೆಯೋದು ಕಮ್ಮಿ."

ಕ್ಲಾರೆನ್ಸ್ ಗಲ್ಲಾದ ಕೆಳಗಿಂದ ಚೆಂಡೊಂದನ್ನು ತೆಗೆದು, ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಆ ಡ್ರಮ್ಮಿಗೆ ಹೊಡಿ," ಎಂದ. ಲೆಸ್ಟರ್ ಹಲ್ಲು ಕಚ್ಚಿ ಎಸೆದ. ಚೆಂಡು ಅರ್ಧ ದಾರಿಯಲ್ಲಿ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ಡ್ರಮ್ಮಿನ ಮುಂದೆ ನಿಂತಿತು.

"ನಿನ್ನ ಚೆಂಡು ಹೋಗಿ ಮುಟ್ಟೋ ಅಷ್ಟ್ರಲ್ಲಿ ಕ್ರಿಸ್‌ಮಸ್ ಬರುತ್ತೆ, ಲೆಸ್," ಎಂದ ಕ್ಲಾರೆನ್ಸ್. ಆಮೇಲೆ ದನಿ ತಗ್ಗಿಸಿ, "ನಂಗೇನು ಹೊಟ್ಟೆ ಉರಿಯಲ್ವಾ? ಮೈದಾನ ನಮ್ದು, ನಿಯಮ ಅವರ್ದು. ಬೇಕಾದ್ರೆ ಒಂದ್ಸಲ ನಮ್ಮ ಪಿಚರ್ ಡ್ವೇನ್ ಬದ್ಲಿಗೆ ನಿನ್ನನ್ನ ಹೊಡೆಯೋಕೆ ಕಳಿಸ್ಬೋದು. ಆದ್ರೆ ನೀನು ಒಳಗೆ ಬಂದ್ರೆ ಅವನು ಹೊರಗೆ, ತಿರುಗಿ ಬರೋ ಹಾಗಿಲ್ಲ. ಆಮೇಲೆ ಎಸೆಯೋರು ಯಾರು ಹೇಳು? ಯೂಜೀನ್!"

ಯೂಜೀನ್ ಶಾಲೆಯ ಬಸ್ಸಿನ ಡ್ರೈವರು. ಬಸ್ಸು ಓಡಿಸುವಷ್ಟೇ ಜೋಪಾನವಾಗಿ ಬಾಲು ಎಸೆಯುತ್ತಿದ್ದ.

"ಒಂದು ಉಪಕಾರ ಮಾಡು," ಎಂದ ಕ್ಲಾರೆನ್ಸ್. "ಆ ಡ್ವೇನ್‌ಗೆ ಬ್ಯಾಟು ಹಿಡಿಯೋದು ಕಲ್ಸು. ಇಷ್ಟು ವರ್ಷ ಅವನ ಪಾಲಿಂದು ನೀನೇ ಹೊಡ್ಕೊಂಡ್ ಬಂದಿದೀಯ. ಅವ್ನಿಗೆ ಯಾವ ಕಡೆ ಹಿಡಿ, ಯಾವ ಕಡೆ ತುದಿ ಅಂತ್ಲೂ ಗೊತ್ತಿಲ್ಲ."

ಡ್ವೇನ್ ಟೀಗನ್ ಕಾರ್ಖಾನೆಗೆ ಹಾಲಿನ ಟ್ಯಾಂಕರು ತರುವವನು. ಇಪ್ಪತ್ತನಾಲ್ಕರ ಪ್ರಾಯ, ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕಾದ ಎತ್ತರ. ಅವನು ಬಾಲು ಎಸೆದರೆ ಎದುರಿನವರಿಗೆ ಅದರ ಸದ್ದು ಮಾತ್ರ ಕೇಳುತ್ತಿತ್ತು. ಇಬ್ಬರೂ ಸಂಜೆ ಕಾರ್ಖಾನೆಯ ಹಿಂದಿನ ಜಲ್ಲಿ ಅಂಗಳದಲ್ಲಿ, ಖಾಲಿ ಕ್ಯಾನುಗಳ ನಡುವೆ ಸೇರತೊಡಗಿದರು. ಲೆಸ್ಟರ್ ಒಂದು ಹಳೆಯ ಕಾಲುಚೀಲದಲ್ಲಿ ಚೆಂಡು ತುಂಬಿ, ಸೂರಿನ ತೊಲೆಗೆ ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟಿದ್ದ.

"ಇದೇನು, ನೇಣಿಗೆ ಹಾಕಿದೀಯ ಚೆಂಡನ್ನ?" ಎಂದ ಡ್ವೇನ್. "ನೀನೇ ಎಸಿ, ನಾನು ಹೊಡೀತೀನಿ."

"ನಾನು ಯಾರಿಗೂ ಎಸೆಯಲ್ಲ," ಎಂದ ಲೆಸ್ಟರ್, ಮುಖ ಆ ಕಡೆ ತಿರುಗಿಸಿ. ಭುಜ ಮುರಿದ ಮೇಲೆ ಅವನು ಸ್ವಂತ ಮಗಳಿಗೂ ಒಂದು ಚೆಂಡು ಎಸೆದು ಆಡಿಸಿದವನಲ್ಲ. ನಾಚಿಕೆ ಅವನಿಗೆ.

ಮೊದಲ ಸಂಜೆ ಡ್ವೇನ್ ಬೀಸಿದ ರಭಸಕ್ಕೆ ಬ್ಯಾಟು ಕೈತಪ್ಪಿ ಹೋಗಿ ಕ್ಯಾನುಗಳ ರಾಶಿಗೆ ಬಡಿಯಿತು. ಒಳಗಿದ್ದವರು ಬಾಂಬು ಬಿತ್ತೆಂದು ಓಡಿಬಂದರು. ಲೆಸ್ಟರ್ ಬಿಡಲಿಲ್ಲ. ಬೀಸುವುದನ್ನು ಬಿಡಿಸಿ, ಬ್ಯಾಟನ್ನು ಅಡ್ಡ ಹಿಡಿದು ಚೆಂಡಿಗೆ ಬರಿದೇ ಮುಟ್ಟಿಸುವುದನ್ನು ಕಲಿಸಿದ. ಮುಟ್ಟಿಸಿದ ಚೆಂಡು ಸೋಮಾರಿಯಾಗಿ ಎದುರಿಗೇ ಉರುಳುತ್ತದೆ, ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮೂರನೆಯ ಬೇಸಿನಲ್ಲಿ ನಿಂತವನು ಓಡಿ ಬಂದುಬಿಡಬಹುದು.

"ನನ್ನ ಕೈ ನೋಡ್ಬೇಡ, ಕಾಲು ನೋಡು," ಎನ್ನುತ್ತಿದ್ದ ಮತ್ತೆ ಮತ್ತೆ. "ಎಡಗಾಲು ಎಲ್ಲಿ, ಬಲಗಾಲು ಎಲ್ಲಿ, ಅದನ್ನ ನೋಡು. ಕೈ ಏನ್ ಬೇಕಾದ್ರೂ ನಾಟ್ಕ ಆಡುತ್ತೆ. ಕಾಲು ಸುಳ್ಳು ಹೇಳಲ್ಲ."

ಡ್ವೇನ್ ನೋಡುತ್ತಿದ್ದ. ಎರಡನೆಯ ವಾರಕ್ಕೆ ಚೆಂಡು ಬ್ಯಾಟಿಗೆ ತಗಲತೊಡಗಿತು, ಮೂರನೆಯ ವಾರಕ್ಕೆ ಅವನಿಗೆ ರುಚಿಯೂ ಹತ್ತಿತು. ಟ್ಯಾಂಕರು ನಿಲ್ಲಿಸಿದ ಕೂಡಲೇ, "ಬಾ ಲೆಸ್, ಬಾ ಬಾ," ಎಂದು ಅವಸರ ಮಾಡುತ್ತಿದ್ದ. ಒಂದು ಸಂಜೆ ಬೆವರು ಒರೆಸಿಕೊಳ್ಳುತ್ತ, "ನಾನು ಟೀಮಿಗೆ ಬಂದಾಗಿಂದ ನನ್ನ ಪಾಲಿಂದೆಲ್ಲ ನೀನೇ ಹೊಡೆದಿದೀಯ. ಒಂದ್ಸಲ ನಾನೂ ಹೊಡೆದು ನೋಡೋಣ ಅನ್ಸುತ್ತೆ ಕಣೋ. ಫೈನಲಲ್ಲಿ, ಎಲ್ಲರ ಮುಂದೆ," ಎಂದ.

ಲೆಸ್ಟರ್ ಅವನ ಬೆನ್ನು ತಟ್ಟಿದ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಎದೆಯಲ್ಲಿ ಏನೋ ಕೊರೆಯುತ್ತಿತ್ತು. ತನ್ನ ಕೈಯಾರೆ ಕಲಿಸಿದ ವಿದ್ಯೆಯ ಮೇಲೆ ತನಗೇ ಹೊಟ್ಟೆಕಿಚ್ಚು ಎಂದು ತಿಳಿದಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಹಳ್ಳಿಯಾಟಕ್ಕೆ ಇರುವುದೇ ಒಬ್ಬ ಅಂಪೈರು. ಪಾಪ, ಅವನಿಗೆ ಇರುವುದೂ ಎರಡೇ ಕಣ್ಣು. ತಾನು ನೋಡದೇ ಹೋದದ್ದನ್ನು ಅವನು ಆಟಗಾರನನ್ನೇ ಕೇಳುತ್ತಾನೆ, ಆಟಗಾರ ಏನು ಹೇಳಿದನೋ ಅದೇ ತೀರ್ಪು. ಅದರ ಮೇಲೆ ಯಾರೂ ಚಕಾರ ಎತ್ತುವುದಿಲ್ಲ. ಲೆಸ್ಟರ್ ಕ್ಯಾಚರ್ ಆಗಿದ್ದ ಕಾಲದಲ್ಲಿ ಒಮ್ಮೆ ಅಂಪೈರ್ ಕೇಳಿದಾಗ, ಚೆಂಡು ತನ್ನ ಗ್ಲೌಸಿನಿಂದ ನೆಲಕ್ಕೆ ಬಿದ್ದಿತ್ತೆಂದು ಒಪ್ಪಿಕೊಂಡು ಗೆದ್ದ ಆಟವನ್ನು ಕಳೆದಿದ್ದ. ಆ ಕಥೆಯನ್ನು ಎರಡೂ ಲೀಗಿನವರು ಇವತ್ತಿಗೂ ಮಕ್ಕಳಿಗೆ ಹೇಳುತ್ತಾರೆ. ವನೆಕ್‌ನ ಮಾತು ಎಂದರೆ ಮುಗಿಯಿತು ಎನ್ನುವಷ್ಟು ಹೆಸರು ಅವನಿಗೆ.

ಫೈನಲ್ ನಡೆದದ್ದು ಸೆಪ್ಟೆಂಬರಿನ ಮೊದಲ ಭಾನುವಾರ. ಎದುರಾಳಿ ಗುಡ್ಡದ ಲೀಗಿನ ಟಾಮರಾಕ್. ಸುತ್ತಲಿನ ಊರುಗಳೆಲ್ಲ ಮೈದಾನದ ಸುತ್ತ ಟ್ರಕ್ಕು ನಿಲ್ಲಿಸಿಕೊಂಡು ಕೂತಿದ್ದವು, ಕೆಂಡದ ಮೇಲೆ ಸಾಸೇಜು ಬೇಯುವ ಹೊಗೆ ಬೆಂಚಿನವರೆಗೂ ಬರುತ್ತಿತ್ತು. ಲೆಸ್ಟರ್ ಬೆಳಿಗ್ಗೆಯೇ ತನ್ನ ಬ್ಯಾಟನ್ನು ಕೈಗೆತ್ತಿಕೊಂಡಿದ್ದ, ಕೆಳಗಿಡಲಿಲ್ಲ. ಬೆಂಚಿನ ಹಿಂದಿನ ಅವನ ಕಾಲುದಾರಿಯಲ್ಲಿ ಧೂಳು ಏಳುತ್ತಿತ್ತು.

"ಸ್ವಲ್ಪ ಕೂತ್ಕೋ ಮಾರಾಯ," ಎಂದು ಕ್ಲಾರೆನ್ಸ್ ಬೈದ. "ನಿನ್ನ ನೋಡಿ ನಂಗೆ ತಲೆ ಸುತ್ತು ಬರ್ತಿದೆ."

"ಬೇಲಿ ಆ ಕಡೆಗೆ ಕಟ್ಹಾಕಿ ಅವನ್ನ!" ಎಂದು ಟಾಮರಾಕ್ ಕಡೆಯಿಂದ ಯಾರೋ ಕೂಗಿದರು. "ಅರ್ಧ ಆಟಗಾರನಿಗೆ ಅರ್ಧ ಬೆಂಚು ಸಾಕು!"

ಡ್ವೇನ್ ಮೊದಲ ಸಲ ಬ್ಯಾಟು ಹಿಡಿದು ಹೋದಾಗ ಮೂರೂ ಬಾಲಿಗೆ ಗಾಳಿ ಹೊಡೆದು ಬಂದ. ಟಾಮರಾಕಿನವರು ಬಿದ್ದು ಬಿದ್ದು ನಕ್ಕರು. ಡಿ.ಎಚ್. ಇಲ್ಲದೆ ಬೆಳೆದ ಅವರ ಪಿಚರೋ, ನೋಡಿ, ಅಚ್ಚುಕಟ್ಟಾಗಿ ಹೊಡೆದು ಅವರ ಮೊದಲ ರನ್ನನ್ನು ತಾನೇ ತಂದುಕೊಟ್ಟ. ಇಷ್ಟು ವರ್ಷ ಲೆಸ್ಟರನ ಹೆಗಲ ಮೇಲೆ ಕೂತು ಬಂದ ನಮ್ಮ ತಂಡಕ್ಕೆ ಅವನಿಲ್ಲದೆ ಕೈಕಾಲೇ ಆಡುತ್ತಿರಲಿಲ್ಲ. ಹೇಗೋ ಮಾಡಿ ನಮ್ಮವರೂ ಒಂದು ರನ್ನು ತೆಗೆದರು. ಅತ್ತ ಡ್ವೇನನ ಎಸೆತದ ಮುಂದೆ ಟಾಮರಾಕಿನವರ ಆಟ ಆಮೇಲೆ ನಡೆಯಲಿಲ್ಲ. ಎರಡನೆಯ ಸರದಿಯಲ್ಲಿ ಡ್ವೇನ್ ಔಟೇ ಆದರೂ ಚೆಂಡು ಬ್ಯಾಟಿಗೆ ತಗಲಿತ್ತು. ಹಲ್ಲು ಕಿರಿಯುತ್ತ ವಾಪಸು ಬಂದು ಲೆಸ್ಟರನ ಟೊಪ್ಪಿಯನ್ನು ಮೂಗಿನ ಮೇಲೆ ಎಳೆದ.

ಆಟಕ್ಕಿರುವುದು ಒಂಬತ್ತು ಇನಿಂಗ್ಸ್. ಎಂಟನೆಯ ಇನಿಂಗ್ಸ್‌ನಲ್ಲಿ ಇಬ್ಬರದೂ ಒಂದೊಂದು ರನ್ನು. ನಮ್ಮವನೊಬ್ಬ ಮೂರನೆಯ ಬೇಸ್ ತಲುಪಿ ನಿಂತಿದ್ದ, ಔಟಾಗಿದ್ದವನು ಒಬ್ಬನೇ. ಮುಂದಿನ ಸರದಿ ಡ್ವೇನನದು. ಕ್ಲಾರೆನ್ಸ್ ಲೆಸ್ಟರನ ಹತ್ತಿರ ಬಂದ.

"ಏನ್ ಮಾಡ್ಲಿ ಹೇಳು. ನಿನ್ನನ್ನ ಕಳಿಸಿದ್ರೆ ರನ್ನು ಬರುತ್ತೆ, ಡ್ವೇನ್ ಹೋಗ್ತಾನೆ. ಅವನನ್ನ ಕಳಿಸಿದ್ರೆ ರನ್ನು ಬರುತ್ತೋ ಇಲ್ವೋ, ಒಂಬತ್ತನೇದಕ್ಕೆ ಪಿಚರ್ ಉಳೀತಾನೆ. ನಂಗೆ ತಲೆ ಓಡ್ತಿಲ್ಲ. ನೀನೇ ಹೇಳು, ನೀನು ಹೇಳ್ದಂಗೆ ಮಾಡ್ತೀನಿ."

ಎಷ್ಟು ವರ್ಷಗಳಿಂದ ಕಾದ ಮಾತು ಅದು! ಡ್ವೇನ್ ಹೆಲ್ಮೆಟ್ ಹಾಕಿಕೊಂಡು, ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ ಇವರಿಬ್ಬರನ್ನೂ ನೋಡುತ್ತ ನಿಂತಿದ್ದ.

"ಅವನೇ ಹೋಗ್ಲಿ," ಎಂದ ಲೆಸ್ಟರ್. "ಮುಟ್ಟಿಸಿದ್ರೆ ಸಾಕು. ಮುಟ್ಟಿಸ್ತಾನೆ."

ಇದನ್ನು ಅವನು ಮನಸ್ಸಿನಿಂದಲೇ ಹೇಳಿದ, ಅದರಲ್ಲಿ ಕಪಟವಿರಲಿಲ್ಲ. ಆಮೇಲೆ ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಬ್ಯಾಟಿಗರು ನಿಲ್ಲುವ ಸುಣ್ಣದ ಚೌಕದ ಹತ್ತಿರ ಹೋದ ಡ್ವೇನ್ ಗಕ್ಕನೆ ನಿಂತು ಹಿಂದೆ ತಿರುಗಿದ.

"ಲೆಸ್!" ಎಂದು ಕೂಗಿದ. "ಎಲ್ಲಿ ನಿಲ್ಬೇಕೋ? ಎಲ್ಲಾ ಮರ್ತೋಯ್ತು!"

ಅಂಪೈರ್ ಮಿಲ್ಟನ್ ಓಸ್ಟ್ರಮ್, ನಿವೃತ್ತ ಪೋಸ್ಟ್‌ಮ್ಯಾನು, ಆಟ ನಿಲ್ಲಿಸಿ ಹೊಸ ಚೆಂಡು ತರಲು ಬೇಲಿಯ ಬಳಿ ಇಟ್ಟಿದ್ದ ಚೀಲದ ಕಡೆ ಹೋದ. ಅವರ ಕ್ಯಾಚರ್ ತನ್ನ ಪಿಚರನ ಹತ್ತಿರ ಗುಸುಗುಸು ಮಾತಾಡಲು ಹೋಗಿದ್ದ. ಲೆಸ್ಟರ್ ದಡದಡನೆ ನಡೆದು ಬಂದ, ಬ್ಯಾಟು ಕೈಯಲ್ಲೇ ಇತ್ತು.

"ಇಲ್ಲಿ ನೋಡು. ಎಡಗಾಲು ಇಲ್ಲಿ," ಎನ್ನುತ್ತ ಎಡಗಾಲನ್ನು ಚೌಕದೊಳಗೆ ಊರಿ ತೋರಿಸಿದ. ಅಂಗಳದಲ್ಲಿ ತಿಂಗಳಿಡೀ ತೋರಿಸಿದ್ದು ಹಾಗೆಯೇ. ಸುಣ್ಣದ ಗೆರೆ ಎಂಬುದೊಂದು ಇದೆ ಎಂದು ಅವನಿಗೆ ಆಗ ನೆನಪಾಗಲಿಲ್ಲ.

ಎದುರಿನ ಬೆಂಚಿನಿಂದ ಟಾಮರಾಕಿನ ಯಜಮಾನ ಹಾರ್ಲನ್ ಪ್ರೀಬ್ ಎದ್ದು ಬಂದ. ಹಳೆಯ ಗಟ್ಟಿಗ, ಡ್ವೇನನನ್ನು ಹೇಗಾದರೂ ಆಟದಿಂದ ಹೊರಗೆ ಹಾಕುವ ದಾರಿಯನ್ನೇ ಮಧ್ಯಾಹ್ನದಿಂದ ಹುಡುಕುತ್ತಿದ್ದ.

"ಮಿಲ್ಟನ್! ಅವನು ಬ್ಯಾಟು ಹಿಡ್ಕೊಂಡು ಚೌಕದಲ್ಲಿ ನಿಂತವ್ನೆ! ಹೇಳದೆ ಬಂದ ಬದ್ಲಿ ಆಟಗಾರ ಚೌಕದಲ್ಲಿ ನಿಂತ್ರೆ ಒಳಗೆ ಬಂದಂಗೇ ಲೆಕ್ಕ. ಆ ಉದ್ದನೇವ್ನು ಹೊರಗೆ!"

ಲೆಸ್ಟರ್ ಕಾಲು ಹಿಂದಕ್ಕೆಳೆದುಕೊಂಡ. ಮಿಲ್ಟನ್ ಜೇಬಿಗೆ ಚೆಂಡು ತುರುಕಿಕೊಳ್ಳುತ್ತ ಬಂದ, ಕನ್ನಡಕವನ್ನು ಅಂಗಿಗೆ ಒರೆಸಿಕೊಂಡ.

"ಎರಡೂ ಕಾಲು ಒಳಗಿದ್ರೆ ಮಾತ್ರ ನಿಂತ ಹಾಗೆ," ಎಂದ. "ನಾನು ನೋಡ್ಲಿಲ್ಲ. ಹಾರ್ಲನ್, ನಿಂಗೆ ಅಷ್ಟು ದೂರದಿಂದ ಕಾಲು ಕಾಣಿಸ್ತಾ?"

"ಆಳು ಕಾಣಿಸ್ದ," ಎಂದ ಹಾರ್ಲನ್. "ಕಾಲು ಅವನನ್ನೇ ಕೇಳು. ವನೆಕ್ ಹೇಳ್ದಂಗೆ ಆಗ್ಲಿ, ನಂದೇನೂ ತಕರಾರಿಲ್ಲ."

ಮಿಲ್ಟನ್ ಲೆಸ್ಟರನ ಕಡೆ ತಿರುಗಿದ. "ಹೇಳಪ್ಪ ಲೆಸ್. ಒಂದು ಕಾಲೋ, ಎರಡೋ?"

ಲೆಸ್ಟರ್ ನೆಲ ನೋಡಿದ. ಕೈಯಲ್ಲಿ ಬ್ಯಾಟು ಬೆಚ್ಚಗಿತ್ತು. ಮೂರನೆಯ ಬೇಸಿನಲ್ಲಿ ನಮ್ಮವನು ಕಾಯುತ್ತಿದ್ದ, ಬೇಲಿಯ ಸುತ್ತ ಊರೆಲ್ಲ ಕಾಯುತ್ತಿತ್ತು, ಎಪ್ಪತ್ತೇಳು, ಎಪ್ಪತ್ತೊಂಬತ್ತು, ಎಂಬತ್ತೊಂದು ಎಲ್ಲವೂ ಬಂದು ಅವನ ಎದೆಯ ಮೇಲೆ ಕೂತವು.

"ಎರಡು," ಎಂದ.

ನಮ್ಮ ಕಡೆಯವರು ತಲೆ ಚಚ್ಚಿಕೊಂಡರು. ಕ್ಲಾರೆನ್ಸ್ ಟೊಪ್ಪಿಯನ್ನು ನೆಲಕ್ಕೆಸೆದ. ಆದರೆ ಅವನ ಕಣ್ಣಲ್ಲಿ ನೀರಾಡಿದ್ದನ್ನು ಆರ್ಲೀನ್ ನೋಡಿದಳಂತೆ. ತಂಡಕ್ಕೆ ಕಂಟಕವಾದರೂ ನಿಜವನ್ನೇ ಹೇಳಿಬಿಟ್ಟನಲ್ಲ, ಇಂಥವನು ನನ್ನ ತಂಗಿಯ ಗಂಡ ಎಂಬ ಹೆಮ್ಮೆ ಅವನಿಗೆ. ಬೇಲಿಯ ಸುತ್ತ ಒಬ್ಬರಾದ ಮೇಲೊಬ್ಬರು ಚಪ್ಪಾಳೆ ತಟ್ಟತೊಡಗಿದರು. ಟಾಮರಾಕಿನವರೂ ತಟ್ಟಿದರು. ಡ್ವೇನ್ ಹೆಲ್ಮೆಟ್ ತೆಗೆದು ಲೆಸ್ಟರನ ಕೈಗೆ ಕೊಟ್ಟು ಬೆಂಚಿಗೆ ಹೋದ.

ಎರಡನೆಯ ಬಾಲಿಗೇ ಲೆಸ್ಟರ್ ಹೊಡೆದ. ಬ್ಯಾಟಿನ ಮರಕ್ಕೆ ಚೆಂಡು ತಗಲಿದ್ದು ಅವನಿಗೆ ಮೊಣಕೈಯವರೆಗೂ ಸಿಹಿಯಾಗಿ ತಿಳಿಯಿತು. ಚೆಂಡು ಇಬ್ಬರು ಫೀಲ್ಡರುಗಳ ನಡುವೆ ನೆಲ ಕಚ್ಚಿ ಓಡಿತು, ಮೂರನೆಯ ಬೇಸಿನವನು ಕೈಯೆತ್ತಿಕೊಂಡು ಓಡಿಬಂದು ರನ್ನು ಮುಗಿಸಿದ. ಎರಡು ಒಂದು! ಕ್ಲಾರೆನ್ಸ್ ಅವನ ಬದಲಿಗೆ ಓಡಲು ಬೇರೆಯವನನ್ನು ಕಳಿಸಿದ. ಲೆಸ್ಟರ್ ಗದ್ದಲದ ನಡುವೆ ಬಂದು ಬೆಂಚಿನಲ್ಲಿ ಡ್ವೇನನ ಪಕ್ಕ ಕೂತ. ಇಷ್ಟು ವರ್ಷ ಒಂದೇ ಜಾಗವನ್ನು ಹಂಚಿಕೊಂಡಿದ್ದವರು ಇಬ್ಬರೂ ಈಗ ಆಟದಿಂದ ಹೊರಗೆ.

ಯೂಜೀನ್ ಒಂಬತ್ತನೆಯ ಇನಿಂಗ್ಸ್ ಎಸೆಯಲು ಹೋದ. ಪಾಪ, ಅವನೂ ಒದ್ದಾಡಿದ. ಕೆಟ್ಟ ಎಸೆತಗಳಿಂದ ಒಬ್ಬನಿಗೆ ಮೊದಲ ಬೇಸನ್ನು ಬಿಟ್ಟಿಯಾಗಿ ಕೊಟ್ಟ, ಇನ್ನೊಬ್ಬ ಹೊಡೆದ, ಮತ್ತೊಬ್ಬ ಹೊಡೆದ. ಲೆಸ್ಟರನ ಮೊಣಕಾಲು ಕುಣಿಯುತ್ತಲೇ ಇತ್ತು, ಅದರೊಡನೆ ಬೆಂಚೂ, ಬೆಂಚಿನೊಡನೆ ಡ್ವೇನನೂ. ಡ್ವೇನ್ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಗಟ್ಟಿಯಾಗಿ ಅದುಮಿ ಹಿಡಿದ. ಅವನ ಮುಖ ನೋಡಲು ಲೆಸ್ಟರ್‌ಗೆ ಧೈರ್ಯವಾಗಲಿಲ್ಲ. ಟಾಮರಾಕ್ ಎರಡು ರನ್ನು ತೆಗೆಯಿತು. ನಮ್ಮ ಕೊನೆಯ ಮೂವರು ಬಂದಷ್ಟೇ ಬೇಗ ಹೋದರು.

ಸೋತರೂ ಆ ಸಂಜೆ ಲೆಸ್ಟರನಿಗೆ ಬೀರು ಕೊಡಿಸದವರಿಲ್ಲ. ಹಾರ್ಲನ್ ಪ್ರೀಬ್ ಟೊಪ್ಪಿ ತೆಗೆದು ಕೈ ಕುಲುಕಿದ. "ಒಂದು ಅಂದಿದ್ರೂ ಒಪ್ಕೋತಿದ್ವಿ ಕಣಯ್ಯ," ಎಂದ. "ನೀನು ಮನುಷ್ಯ." ಮಿಲ್ಟನ್ ಓಸ್ಟ್ರಮ್, ಚೆಂಡು ನೆಲಕ್ಕೆ ಬಿದ್ದ ಆ ಹಳೆಯ ಕಥೆಯನ್ನು ಹೇಳಿ, ಅದರ ಬಾಲಕ್ಕೆ ಇವತ್ತಿನದನ್ನೂ ಸೇರಿಸಿದ. ಲೆಸ್ಟರ್ ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತ. ಕಾಲು ಅಲುಗಲಿಲ್ಲ, ಬೆರಳು ಅಲುಗಲಿಲ್ಲ.

"ಯಾಕೋ, ಮೈ ಹುಷಾರಿಲ್ವಾ?" ಎಂದು ಆರ್ಲೀನ್ ಹಣೆ ಮುಟ್ಟಿ ನೋಡಿದಳು. ಮದುವೆಯಾದಂದಿನಿಂದ ಅವನು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಅವಳು ನೋಡಿರಲಿಲ್ಲ.

ಮರುದಿನ ಸೋಮವಾರ, ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಬರುವ ಕಾರ್ಮಿಕರ ಹಬ್ಬದ ರಜೆ. ಸಂಜೆ ಅವನು ಕಾರ್ಖಾನೆಯ ಹಿಂದಕ್ಕೆ ಹೋದ. ಅವನಿಗೆ ಗೊತ್ತಿತ್ತು, ಡ್ವೇನ್ ಅಲ್ಲಿರುತ್ತಾನೆ ಎಂದು. ಇದ್ದ. ತೊಲೆಯಿಂದ ತೂಗುತ್ತಿದ್ದ ಚೆಂಡಿಗೆ ಬ್ಯಾಟು ಅಡ್ಡ ಹಿಡಿದು ಮುಟ್ಟಿಸುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ.

ಲೆಸ್ಟರ್ ಒಂದು ಕ್ಯಾನಿನ ಮೇಲೆ ಕೂತ. ಎದ್ದ. ಮತ್ತೆ ಕೂತ.

"ಒಂದೇ ಕಾಲು," ಎಂದ ಡ್ವೇನ್, ಚೆಂಡಿನಿಂದ ಕಣ್ಣು ತೆಗೆಯದೆ. "ನಾನು ಅದನ್ನೇ ನೋಡ್ತಿದ್ದೆ. ಕಾಲು ನೋಡು ಅಂದಿದ್ಯಲ್ಲ ನೀನು."

ಲೆಸ್ಟರ್ ತಲೆ ತಗ್ಗಿಸಿ, "ಹೂಂ. ಒಂದೇ," ಎಂದ. "ನೀನ್ಯಾಕೆ ಅಲ್ಲೇ ಹೇಳ್ಲಿಲ್ಲ?"

"ಮಿಲ್ಟನ್ ಕೇಳಿದ್ದು ನಿನ್ನನ್ನ."

ಹಗ್ಗದ ಚೆಂಡು ತೂಗಾಡಿ ತೂಗಾಡಿ ನಿಂತಿತು.

"ಹೊಡೆದಾಗ ಹೇಗಿತ್ತು?" ಎಂದು ಕೇಳಿದ ಡ್ವೇನ್. ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು ಅವನಿಗೆ.

"ಚೆನ್ನಾಗಿತ್ತು ಕಣೋ. ತುಂಬಾ ಚೆನ್ನಾಗಿತ್ತು. ಅದನ್ನೇ ತಡ್ಕೊಳ್ಳೋಕೆ ಆಗ್ತಿಲ್ಲ. ಎಲ್ಲರೂ ಬಂದು ಬೆನ್ನು ತಟ್ತಾರೆ, ನಂಗೆ ಚರ್ಮ ಸುಲಿದಂಗಾಗುತ್ತೆ."

"ಮಿಲ್ಟನ್‌ಗೆ ಹೇಳ್ತೀಯಾ?"

"ಬೆಳಿಗ್ಗೆ ಹೋಗ್ತೀನಿ. ಮೊದ್ಲು ಅವನ ಹತ್ರ, ಆಮೇಲೆ ಕ್ಲಾರೆನ್ಸ್ ಹತ್ರ." ಅವನು ತಲೆಯೆತ್ತಿದ. "ಅದಕ್ಕಿಂತ ಮೊದ್ಲು ನಿನ್ನ ಹತ್ರ ಬಂದೆ. ನಿನ್ನ ಪಾಲಿಂದು ಕಿತ್ಕೊಂಡೆ ನಾನು."

ಡ್ವೇನ್ ಕೈಯೆತ್ತಿ ಕಾಲುಚೀಲದ ಗಂಟು ಬಿಚ್ಚಿ ಚೆಂಡನ್ನು ಹೊರತೆಗೆದ. ಬಂದು ಲೆಸ್ಟರನ ಬಲಗೈಗೆ ಇಟ್ಟ.

"ಎಸಿ."

"ನನ್ನ ಕೈಲಿ ಆಗಲ್ಲ ಕಣೋ, ಗೊತ್ತಲ್ಲ ನಿಂಗೆ."

"ಎಸಿ ಅಂದೆ."

ಲೆಸ್ಟರ್ ಎದ್ದು ನಿಂತು ಎಸೆದ. ಭುಜದಲ್ಲಿ ಬೆಂಕಿ ಬಿತ್ತು. ಚೆಂಡು ಅರ್ಧ ದಾರಿಯಲ್ಲೇ ಜಲ್ಲಿಯ ಮೇಲೆ ಬಿದ್ದು ಉರುಳಿತು. ಡ್ವೇನ್ ನಗಲಿಲ್ಲ. ಹೋಗಿ ಎತ್ತಿಕೊಂಡು ಬಂದು ಮತ್ತೆ ಅದೇ ಕೈಗೆ ಕೊಟ್ಟ, ತಾನೇ ಹಲವು ಹೆಜ್ಜೆ ಹತ್ತಿರಕ್ಕೆ ಬಂದು ನಿಂತ. ಬ್ಯಾಟಿನ ತುದಿಯಿಂದ ಜಲ್ಲಿಯಲ್ಲಿ ಕರಕರ ಗೀರಿ ಒಂದು ಚೌಕ ಬರೆದ. ಅದರೊಳಗೆ ಎಡಗಾಲಿಟ್ಟ, ಆಮೇಲೆ ಬಲಗಾಲನ್ನೂ ತಂದು ಊರಿದ.

"ಎರಡೂ ಒಳಗಿವೆ, ನೋಡ್ಕೋ," ಎಂದ. "ಈಗ ಹಾಕು."

ಲೆಸ್ಟರ್ ಅವನ ಕಾಲುಗಳನ್ನು ನೋಡಿದ. ಆಮೇಲೆ ಕಣ್ಣೊರೆಸಿಕೊಂಡು, ಆ ಮುರಿದ ಭುಜವನ್ನು ಮೇಲೆತ್ತಿದ.